ನೆಲ ಮುಟ್ಟುವ ಆ ಎರಡು ಸೆಕೆಂಡು

ರೇಡಿಯೊ ನಿಯಂತ್ರಿತ ಮಾದರಿ ವಿಮಾನವನ್ನು ಮೇಲೇರಿಸುವುದು ಅಷ್ಟೇನೂ ಕಷ್ಟವಲ್ಲ. ಗಾಳಿಗೆ ಮುಖಮಾಡಿಸಿ ಥ್ರಾಟಲ್ ಕೊಟ್ಟರೆ, ಅಂದರೆ ಮೋಟರಿನ ಶಕ್ತಿ ಹೆಚ್ಚಿಸಿದರೆ, ಒಳ್ಳೆಯ ಟ್ರೇನರ್, ಅಂದರೆ ಕಲಿಕೆಯ ವಿಮಾನ, ತಾನಾಗಿಯೇ ಎದ್ದುಬಿಡುತ್ತದೆ. ಹಾರಿಸುವವರ ಕೈಗುಣ ತಿಳಿಯುವುದು ಇಳಿಸುವಾಗ.

ಅಮೆರಿಕದ ಸಿಗ್ ಕಂಪನಿ ರೂಪಿಸಿದ ಕೆಡೆಟ್ ಎಲ್‌ಟಿ-40 ಎಂಬ ಟ್ರೇನರನ್ನೇ ನೋಡಿ. 70 ಇಂಚಿನ ರೆಕ್ಕೆ ಮೈಯ ಮೇಲ್ಭಾಗದಲ್ಲಿ ಕೂತಿದೆ, ತುದಿಗಳು ತುಸು ಮೇಲೆದ್ದಿವೆ. ಒಂದು ಬದಿಗೆ ವಾಲಿದರೂ ಸ್ಟಿಕ್ ಬಿಟ್ಟರೆ ಮೆಲ್ಲಗೆ ನೆಟ್ಟಗಾಗುತ್ತದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಆದರೂ ಇಳಿಸಲೆಂದು ತಿರುಗಿಸಿದ ವಿಮಾನ ನಮ್ಮತ್ತ ಬರುವಾಗ ಸ್ಟಿಕ್ಕಿನ ಎಡಬಲ ತಿರುವುಮುರುವು. ಅದಕ್ಕೆ ಹಳಬರು ಹೇಳಿಕೊಡುವ ಉಪಾಯ ಸೊಗಸಾಗಿದೆ: ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳಿ, ಅದಕ್ಕೆ ಊರುಗೋಲು ಕೊಟ್ಟ ಹಾಗೆ.

ಇಳಿಸುವಾಗಿನ ಇನ್ನೊಂದು ಸೂತ್ರ: ಎತ್ತರಕ್ಕೆ ಥ್ರಾಟಲ್, ವೇಗಕ್ಕೆ ಮೂಗನ್ನು ಏರಿಸಿ ಇಳಿಸುವ ಎಲಿವೇಟರ್. ಇದು ಮನಸ್ಸಿಗೆ ಸುಲಭವಾಗಿ ಒಗ್ಗುವುದಿಲ್ಲ. ರನ್‌ವೇ ತಲುಪಲಾರದು ಎನಿಸಿದಾಗ ಮೂಗೆತ್ತುವ ಆಸೆಯಾಗುತ್ತದೆ. ಎತ್ತಿದರೆ ವೇಗ ಕುಂದಿ, ರೆಕ್ಕೆಯ ಎತ್ತುಬಲ ತಪ್ಪಿ ವಿಮಾನ ಕುಸಿಯುತ್ತದೆ. ಆಗ ಬೇಕಾದದ್ದು ಒಂಚೂರು ಥ್ರಾಟಲ್. ನೆಲ ಒಂದೆರಡು ಅಡಿ ದೂರವಿರುವಾಗ ಥ್ರಾಟಲ್ ಪೂರ್ತಿ ಇಳಿಸಿ, ಎಲಿವೇಟರ್ ಸ್ಟಿಕ್ಕನ್ನು ಕೂದಲೆಳೆಯಷ್ಟೇ ಹಿಂದಕ್ಕೆಳೆಯುತ್ತಾ ಹೋಗಬೇಕು. ವಿಮಾನ ಇಳಿಯಲೊಲ್ಲೆ ಎಂಬಂತೆ ತೇಲುತ್ತದೆ, ಮೂಗು ತುಸುವೇ ಮೇಲೆ. ಹಿಂದಿನ ಗಾಲಿಗಳು ಮೊದಲು ತಾಗುತ್ತವೆ, ಆಮೇಲೆ ಮೂಗಿನ ಗಾಲಿ. ಆಕಾಶದಲ್ಲಿ ಹಾಕುವ ಯಾವ ಲಾಗವೂ ನನಗೆ ಇಷ್ಟು ಚೆಂದ ಕಾಣುವುದಿಲ್ಲ.

ಓರೆಯಾಗಿ ಬಂತೋ, ವೇಗ ಹೆಚ್ಚಾಯಿತೋ, ಹಟ ಹಿಡಿಯದೆ ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು ಹಾಕಿ. ಅಂಥ ಎರಡು ಮೂರು ಸುತ್ತಿಗೆ ಸಾಲುವಷ್ಟು ಬ್ಯಾಟರಿ ಉಳಿದಿರುವಾಗಲೇ ಇಳಿಸಲು ಶುರುಮಾಡಿ.