ಅರವತ್ನಾಲ್ಕರಲ್ಲಿ ಒಂದು ವಿದ್ಯೆ

ವಯಸ್ಸಾದ ಮೇಲೆ ಕಲಿಯೋದರ ಬಗ್ಗೆ ನಮ್ಮಲ್ಲಿರೋ ಗಾದೆಗಳೆಲ್ಲ ಒಂದೇ ಕಡೆ ವಾಲಿಕೊಂಡಿವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಒಂದು. ಅರವತ್ತಕ್ಕೆ ಅರಳುಮರಳು ಅಂತ ಇನ್ನೊಂದು. ಇವಕ್ಕೆ ಎದುರಾಗಿ ಈಗ ಫೇಸ್‌ಬುಕ್ಕು, ವಾಟ್ಸಾಪು ಹೊಸದೊಂದು ಗಾದೆ ಹುಟ್ಟಿಸಿವೆ: ವಯಸ್ಸು ಬರೀ ಒಂದು ನಂಬರ್. ನನಗಂತೂ ಹಳೇ ಗಾದೆಗಳಿಗಿಂತ ಈ ಹೊಸದರ ಮೇಲೇ ಹೆಚ್ಚು ಅನುಮಾನ. ಹಳೇವು ಬಾಗಿಲು ಹಾಕ್ತವೆ, ಸರಿ. ಹೊಸದು ಬಾಗಿಲು ತೆಗೆದು, ಒಳಗೆ ಕೂರಿಸಿ, ಚಪ್ಪಾಳೆ ತಟ್ಟಿ, ಕಾಫಿ ಕೊಟ್ಟು ಕಳಿಸಿಬಿಡುತ್ತೆ. ಪಾಠ ಮಾತ್ರ ಮಾಡಲ್ಲ.

ಈ ಎರಡೂ ಥರದ ಗಾದೆಗಳ ನಡುವೆ ನಿಂತು ಜಗಳ ಆಡೋ ಒಂದು ಪುಸ್ತಕ ನೆಲ್ ಪೇಂಟರ್ ಬರೆದ 'ಓಲ್ಡ್ ಇನ್ ಆರ್ಟ್ ಸ್ಕೂಲ್'. 2018ರಲ್ಲಿ ಬಂದದ್ದು. ಹೆಸರಲ್ಲೇ ಪೇಂಟರ್ ಇದ್ದರೂ ಆಕೆ ಬದುಕಿನ ಬಹುಪಾಲು ಚಿತ್ರ ಬರೆದವರಲ್ಲ. 1942ರಲ್ಲಿ ಹುಟ್ಟಿದ ಅಮೆರಿಕದ ಕಪ್ಪು ಮಹಿಳೆ, ಹೆಸರಾಂತ ಇತಿಹಾಸಕಾರ್ತಿ. ಹಾರ್ವರ್ಡ್‌ನಲ್ಲಿ ಪಿಎಚ್‌ಡಿ, ಪ್ರಿನ್ಸ್‌ಟನ್‌ನಲ್ಲಿ ಪ್ರೊಫೆಸರ್. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹೋರಾಟಕ್ಕಿಳಿದ ಸೋಜರ್ನರ್ ಟ್ರೂತ್ ಅವರ ಜೀವನಚರಿತ್ರೆ ಬರೆದವರು. ಇಷ್ಟಾದ ಮೇಲೆ ನಮ್ಮ ಕಡೆಯವರಾಗಿದ್ರೆ ಸನ್ಮಾನ, ಅಭಿನಂದನ ಗ್ರಂಥ, ಆಮೇಲೆ ತೀರ್ಥಯಾತ್ರೆ. ಪೇಂಟರ್ ಹೋಗಿ ಡಿಗ್ರಿಗೆ ಸೇರಿಕೊಂಡರು. ಅದೂ ಮೊದಲ ವರ್ಷದ ಹುಡುಗ ಹುಡುಗೀರ ಜೊತೆ, ತಮ್ಮ ಅರವತ್ನಾಲ್ಕನೇ ವಯಸ್ಸಲ್ಲಿ. ನಮ್ಮಲ್ಲಿ ವಿದ್ಯೆಗಳು ಅರವತ್ನಾಲ್ಕು ಅಂತಾರಲ್ಲ, ಅದರಲ್ಲಿ ಒಂದನ್ನ ಹಿಡಿಯೋಕೆ ಸರಿಯಾದ ವಯಸ್ಸೇ ಅನ್ನಿ!

ರಟ್ಗರ್ಸ್ ವಿಶ್ವವಿದ್ಯಾಲಯದ ಮೇಸನ್ ಗ್ರಾಸ್ ಕಲಾಶಾಲೆಯಲ್ಲಿ 2009ಕ್ಕೆ ಬಿಎಫ್‌ಎ ಮುಗೀತು. ಅಷ್ಟಕ್ಕೆ ಸಾಕು ಅನ್ನಲಿಲ್ಲ. ಅಲ್ಲಿಂದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ಗೆ ಹೋಗಿ 2011ರಲ್ಲಿ ಎಂಎಫ್‌ಎ ಪಡೆದರು. ಪುಸ್ತಕ ಈ ವರ್ಷಗಳ ಕಥೆ.

ಇಂಥ ಕಥೆ ಅಂದ ಕೂಡ್ಲೇ ನಮಗೆ ನೆನಪಾಗೋದು ಸಿನಿಮಾ. 2012ರ 'ಇಂಗ್ಲಿಷ್ ವಿಂಗ್ಲಿಷ್' ನೋಡಿರ್ತೀರಿ. ಲಾಡು ಮಾಡೋ ಶಶಿ ನ್ಯೂಯಾರ್ಕಿಗೆ ಹೋಗಿ ನಾಲ್ಕು ವಾರದ ಕ್ಲಾಸಿಗೆ ಸೇರಿ, ಮದುವೆ ಮನೇಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಮಾತಾಡ್ತಾಳೆ. ಶ್ರೀದೇವಿ ಆ ದೃಶ್ಯದಲ್ಲಿ ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದ್ರೆ, ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತೆ. ಆದರೆ ಗಮನಿಸಿ, ಅಲ್ಲಿ ಕಲಿಕೆ ನಾಲ್ಕೇ ವಾರದ್ದು, ಕೊನೇಲಿ ಸಿಗೋದು ಮನೆಯವರ ಕಣ್ಣೀರು. ಶಶಿಗೆ ಬೇಕಿದ್ದದ್ದೂ ಇಂಗ್ಲಿಷಿಗಿಂತ ಹೆಚ್ಚಾಗಿ ಮರ್ಯಾದೆ, ಅದು ಸಿಕ್ಕಿತು. ಸಿನಿಮಾಕ್ಕೆ ಅಷ್ಟು ಸಾಕು. ಪೇಂಟರ್‌ಗೆ ಮರ್ಯಾದೆ ಮೊದಲೇ ಬೇಕಾದಷ್ಟಿತ್ತು. ಅವರು ಅದನ್ನೆಲ್ಲ ಕಾಲೇಜಿನ ಗೇಟಿನ ಹೊರಗೇ ಬಿಟ್ಟು ಒಳಗೆ ಹೋಗಬೇಕಾಯ್ತು. ಹಾಗಾಗಿ ಇದು ಶಶಿಯ ಕಥೆಗೆ ತಿರುಗುಮುರುಗು.

ಪುಸ್ತಕದಲ್ಲಿ ನನಗೆ ಬಹಳ ಹಿಡಿಸಿದ್ದು ಆಕೆ ತನ್ನ ಕಣ್ಣನ್ನೇ ಅನುಮಾನಿಸೋ ಭಾಗ. ತನ್ನದು ಇಪ್ಪತ್ತನೇ ಶತಮಾನದ ಕಣ್ಣು ಅಂತ ಆಕೆಗೆ ಅಲ್ಲಿ ಹೋದ ಮೇಲೆ ಗೊತ್ತಾಗುತ್ತೆ. ಚಿತ್ರ ಅಂದ್ರೆ ಅಚ್ಚುಕಟ್ಟಾಗಿರಬೇಕು, ಕೈಚಳಕ ಕಾಣಬೇಕು, ಏನೋ ಒಂದು ಅರ್ಥ ಹೇಳಬೇಕು ಅನ್ನೋ ಕಣ್ಣು. ಕ್ಲಾಸಿನ ಹುಡುಗರಿಗೋ ಹರಿದದ್ದು, ಅಂಟಿಸಿದ್ದು, ಅರ್ಧಕ್ಕೆ ಬಿಟ್ಟದ್ದೇ ಚೆಂದ. ಇಲ್ಲಿ ಇತಿಹಾಸಕಾರ್ತಿಯ ಇಡೀ ಜೀವಮಾನದ ಶಿಸ್ತು ಆಕೆಗೇ ಅಡ್ಡಗಾಲು. ಸಾಕ್ಷಿ ಇಲ್ಲದೆ ಒಂದು ವಾಕ್ಯ ಬರೀಬಾರದು ಅಂತ ಕಲಿತ ಕೈ, ಗೆರೆಯೊಂದನ್ನ ಸುಮ್ಮನೆ ಎಳೆಯೋಕೆ ಹೆದರುತ್ತೆ.

ನನ್ನ ಮಟ್ಟಿಗೆ ಇದು ಬಹಳ ನಿಜ. ಹದಿಮೂರು ವರ್ಷ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡಿ, ಕಳೆದ ಎರಡು ವರ್ಷದಿಂದ ಭಾನುವಾರ ಬೆಳಗ್ಗೆ ಡ್ರಾಯಿಂಗ್ ಕ್ಲಾಸಿಗೆ ಹೋಗ್ತಿದೀನಿ. ತಪ್ಪಾದ್ರೆ ಅಳಿಸೋಣ ಅಂತ ರಬ್ಬರ್ ಮೊದಲೇ ಪಕ್ಕದಲ್ಲಿಟ್ಟುಕೊಂಡು ಕೂರೋಳು ನಾನು. ಪಕ್ಕದಲ್ಲಿ ಹನ್ನೊಂದು ವರ್ಷದ ಹುಡುಗ ಆನೆಗೆ ಐದು ಕಾಲು ಬರೆದು, ಐದನೇದು ಓಡ್ತಾ ಇರೋ ಕಾಲು ಅಂತಾನೆ. ಅವನಿಗೆ ಇನ್ನೂ ಏನೂ ಗೊತ್ತಿಲ್ಲ, ಅದಕ್ಕೇ ಕೈ ಓಡುತ್ತೆ. ದೊಡ್ಡವರಾಗಿ ಕಲಿಯೋದು ಕಷ್ಟ ಆಗೋದು ಮಿದುಳು ಮುದಿಯಾಗಿದೆ ಅಂತಲ್ಲ. ನಮಗೆ ಈಗಾಗಲೇ ಏನೋ ಒಂದು ಚೆನ್ನಾಗಿ ಬರುತ್ತೆ, ಆ ಬರೋದು ಈ ಬರದೇ ಇರೋದನ್ನ ನೋಡಿ ನಗುತ್ತಾ ಇರುತ್ತೆ. ಪೇಂಟರ್ ಈ ನಗುವಿನ ಜೊತೆ ಐದಾರು ವರ್ಷ ಒಂದೇ ಕೋಣೇಲಿ ಇದ್ದರು.

ಎರಡನೇದು, 'ಕ್ರಿಟ್'. ಕಲಾಶಾಲೆಗಳಲ್ಲಿ ನೀವು ಮಾಡಿದ್ದನ್ನ ಗೋಡೆಗೆ ಹಾಕಿ, ಮೇಷ್ಟ್ರು, ಸಹಪಾಠಿಗಳು ಎಲ್ಲ ಸುತ್ತ ನಿಂತು ಬಿಚ್ಚಿ ಬಿಚ್ಚಿ ನೋಡೋದು. ನಮ್ಮ ಕೋಡ್ ರಿವ್ಯೂ ಇದ್ಯಲ್ಲ, ಅದೇ, ಆದರೆ ಎದುರಾಎದುರು. ಅಲ್ಲಿ ಪೇಂಟರ್‌ಗೆ ಏಟು ಬೀಳುತ್ತೆ. ಕೆಲವೊಮ್ಮೆ ಏಟೂ ಬೀಳಲ್ಲ, ಯಾರೂ ಏನೂ ಹೇಳದೆ ಮುಂದಿನ ಚಿತ್ರಕ್ಕೆ ಹೋಗಿಬಿಡ್ತಾರೆ. ಇದು ನನ್ನ ವಯಸ್ಸಿಗೋ, ನಾನು ಹೆಣ್ಣು ಅಂತಲೋ, ಕಪ್ಪು ಅಂತಲೋ, ಅಥವಾ ಚಿತ್ರವೇ ಚೆನ್ನಾಗಿಲ್ಲವೋ? ಈ ನಾಲ್ಕರಲ್ಲಿ ಯಾವುದು ಅಂತ ಬಿಡಿಸಿ ನೋಡೋಕೆ ಆಕೆ ಪದೇ ಪದೇ ಕೂರ್ತಾರೆ, ಸುಲಭದ ಉತ್ತರ ಸಿಗಲ್ಲ. ಆಫೀಸಿನಲ್ಲಿ ಅಪ್ರೈಸಲ್ ಮುಗಿಸಿ ಹೊರಗೆ ಬಂದು ಇಂಥದ್ದೇ ಲೆಕ್ಕ ಹಾಕಿದ ಹೆಣ್ಣುಮಕ್ಕಳಿಗೆ ಈ ಪುಟಗಳನ್ನ ವಿವರಿಸಬೇಕಾಗಿಲ್ಲ.

ಒಬ್ಬ ಮೇಷ್ಟ್ರಂತೂ ನೀನು ಯಾವತ್ತೂ ಕಲಾವಿದೆ ಆಗಲ್ಲ ಅಂತ ಮುಖಕ್ಕೇ ಹೇಳಿಬಿಡ್ತಾನೆ. ಅಂದ್ರೆ ಕಲಾವಿದರು ಹುಟ್ಟುತ್ತಾರೆ, ತಯಾರಾಗಲ್ಲ ಅಂತ. ಪೇಂಟರ್ ಮೊದಲು ಕುಸೀತಾರೆ, ಆಮೇಲೆ ಈ ಮಾತನ್ನ ಇತಿಹಾಸಕಾರ್ತಿಯ ಹಾಗೆ ಹಿಡಿದು ಪರೀಕ್ಷಿಸ್ತಾರೆ. ಹುಟ್ಟಿನಿಂದಲೇ ಬರೋದಾದ್ರೆ ಶಾಲೆ ಯಾಕೆ, ಫೀಸು ಯಾಕೆ? ನಮ್ಮ ಕಾವ್ಯಮೀಮಾಂಸೆಯ ಮಮ್ಮಟ ಇದಕ್ಕೆ ಯಾವಾಗಲೋ ಸಮಾಧಾನದ ಉತ್ತರ ಕೊಟ್ಟಿದ್ದಾನೆ. ಶಕ್ತಿ, ನಿಪುಣತೆ, ಅಭ್ಯಾಸ, ಮೂರೂ ಸೇರಿ ಕಾವ್ಯಕ್ಕೆ ಕಾರಣ ಅಂತ. ಮೊದಲನೇದು ಹುಟ್ಟಿನದು ಇರಬಹುದು. ಉಳಿದೆರಡು ಕೂತು ಮಾಡೋವು, ಅದಕ್ಕೆ ವಯಸ್ಸಿನ ಗಡಿ ಇಲ್ಲ. ರವೀಂದ್ರನಾಥ ಠಾಕೂರರು ಚಿತ್ರಕಲೆಯನ್ನ ಗಟ್ಟಿಯಾಗಿ ಹಿಡಿದದ್ದೂ ಅರವತ್ತು ದಾಟಿದ ಮೇಲೇ, 1930ರಲ್ಲಿ ಪ್ಯಾರಿಸಿನಲ್ಲಿ ಅವರ ಪ್ರದರ್ಶನ ಆಯ್ತು. ಆದರೆ ಠಾಕೂರರನ್ನ ಯಾರೂ ಕ್ಲಾಸಿನಲ್ಲಿ ನಿಲ್ಲಿಸಿ ತಿದ್ದಲಿಲ್ಲ. ಪೇಂಟರ್ ಹಣ ಕಟ್ಟಿ, ಕೇಳಿಕೊಂಡು ಹೋಗಿ ತಿದ್ದಿಸಿಕೊಂಡರು.

ಇಲ್ಲಿ ನನ್ನ ದೊಡ್ಡಮ್ಮನ ವಿಷ್ಯ ಹೇಳಲೇಬೇಕು. ಬ್ಯಾಂಕಿನಿಂದ ರಿಟೈರಾದ ಮೇಲೆ ವೀಣೆಗೆ ಸೇರಿದರು. ಸರಳೆ, ಜಂಟಿ, ಅಲಂಕಾರ, ಗೀತೆ ಎಲ್ಲ ಎಂಟೊಂಬತ್ತು ವರ್ಷದ ಮಕ್ಕಳ ಜೊತೆ. ಮೂರನೇ ವರ್ಷ ಮೇಡಂ ಮಕ್ಕಳಿಂದೆಲ್ಲ ಜೂನಿಯರ್ ಪರೀಕ್ಷೆಗೆ ಅರ್ಜಿ ತುಂಬಿಸಿದರು. ದೊಡ್ಡಮ್ಮ ಪೆನ್ನು ತೆಗೆದ್ರೆ, "ನಿಮಗ್ಯಾಕಮ್ಮ ಪರೀಕ್ಷೆ, ಸುಮ್ನೆ ಖುಷಿಗೆ ನುಡಿಸ್ಕೊಳ್ಳಿ" ಅಂದರಂತೆ. ಪ್ರೀತಿಯಿಂದಲೇ ಅಂದದ್ದು. ಮನೆಗೆ ಬಂದು ದೊಡ್ಡಮ್ಮ ನನಗೆ ಫೋನ್ ಮಾಡಿ, "ನೋಡೇ, ನಾನು ಅಪಸ್ವರ ನುಡಿಸಿದ್ರೂ ಅವರು ಚೆನ್ನಾಗಿದೆ ಅಂತಾರೆ. ಆ ಪುಟ್ಟಿಗೆ ಮಾತ್ರ ಬೈತಾರೆ. ಅಂದ್ರೆ ಅವಳು ಮುಂದೆ ಬರ್ತಾಳೆ ಅಂತ ನಂಬಿಕೆ, ನಾನು ಬರಲ್ಲ ಅಂತ" ಅಂದರು. ಆಮೇಲೆ ಬೇರೆ ಮೇಷ್ಟ್ರನ್ನ ಹುಡುಕಿಕೊಂಡರು, ಬೈಯೋರನ್ನ.

ಪೇಂಟರ್ ಪುಸ್ತಕದ ಜೀವಾಳವೂ ಇದೇ ಅಂತ ನನ್ನ ಓದು. ನೀನು ಆಗಲ್ಲ ಅನ್ನೋ ಮೇಷ್ಟ್ರೂ, ಈ ವಯಸ್ಸಲ್ಲಿ ಇಷ್ಟು ಮಾಡಿದ್ದೇ ದೊಡ್ದು ಅನ್ನೋ ಹಿತೈಷಿಯೂ ಹೇಳ್ತಿರೋದು ಒಂದೇ ಮಾತು. ಇಬ್ಬರೂ ಕೆಲಸವನ್ನ ನೋಡ್ತಿಲ್ಲ, ಮುಖ ನೋಡ್ತಿದ್ದಾರೆ. ಕೇರಳದ ಕಾರ್ತ್ಯಾಯನಿ ಅಮ್ಮ ನೆನಪಿರಬಹುದು. 2018ರಲ್ಲಿ, ತೊಂಬತ್ತಾರನೇ ವಯಸ್ಸಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ತಗೊಂಡವರು. ಅಜ್ಜಿ ಎಷ್ಟು ಕ್ಯೂಟ್ ಅಂತ ನಾವೆಲ್ಲ ಫಾರ್ವರ್ಡ್ ಮಾಡಿದ್ದು ಆ 98ನ್ನ. ನನಗೆ ಇಷ್ಟ ಆದದ್ದು ಕಳೆದುಹೋದ ಎರಡು ಅಂಕ. ಯಾರೋ ಒಬ್ಬರು ಆ ಉತ್ತರಪತ್ರಿಕೆಯನ್ನ ನಿಜವಾಗಿ ಓದಿ, ಕೆಂಪು ಪೆನ್ನು ಎತ್ತಿದ್ದಾರೆ. ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು?

ಹಾಗಂತ ಪುಸ್ತಕದಲ್ಲಿ ಎಲ್ಲ ಸರಿ ಇದೆ ಅಂತಲ್ಲ. ನಡುವೆ ಕಲಾವಿದರ ಹೆಸರುಗಳ ಮೆರವಣಿಗೆ ಹೋಗ್ತಾನೇ ಇರುತ್ತೆ. ಆ ಲೋಕ ಗೊತ್ತಿಲ್ಲದ ನಮ್ಮಂಥವರು ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಹುಡುಕ್ತಾ ಓದಬೇಕು. ಕೆಲವು ಮೇಷ್ಟ್ರುಗಳ ಮೇಲಿನ ಸಿಟ್ಟು ಒಂದು ಸಲ ಹೇಳಿದ್ರೆ ಸಾಕಿತ್ತು, ಮೂರು ಸಲ ಬರುತ್ತೆ. ಎಲ್ಲಕ್ಕಿಂತ ದೊಡ್ಡ ತಕರಾರು ದುಡ್ಡಿನದು. ಪ್ರಿನ್ಸ್‌ಟನ್‌ನ ನಿವೃತ್ತ ಪ್ರೊಫೆಸರ್, ಪಾಠ ಹೇಳೋ ಕೆಲಸದಲ್ಲೇ ಇರೋ ಗಂಡ, ಸ್ವಂತ ಮನೆ. ಇದನ್ನ ಆಕೆ ಮುಚ್ಚಿಡಲ್ಲ, ಆದರೆ ಅದರ ಮೇಲೆ ಹೆಚ್ಚು ಹೊತ್ತು ನಿಲ್ಲೋದೂ ಇಲ್ಲ. ಸಾಲ, ಮಕ್ಕಳ ಫೀಸು, ನೋಟಿಸ್ ಪೀರಿಯಡ್ಡು ಇರೋರಿಗೆ ಕೆಲಸ ಬಿಟ್ಟು ಐದಾರು ವರ್ಷ ಓದೋದು ಧೈರ್ಯದ ಪ್ರಶ್ನೆ ಅಲ್ಲ, ಗಣಿತದ ಪ್ರಶ್ನೆ. ನಮ್ಮಲ್ಲಿ ಮಧ್ಯವಯಸ್ಸಿನ ಎಷ್ಟೋ ಜನ ಮುಕ್ತ ವಿಶ್ವವಿದ್ಯಾಲಯದ ಪುಸ್ತಕಗಳನ್ನ ಬಸ್ಸಲ್ಲಿ ಓದಿ ಡಿಗ್ರಿ ಮುಗಿಸ್ತಾರೆ, ಅವರ ಆತ್ಮಕಥೆಯನ್ನ ಯಾವ ಪ್ರಕಾಶಕರೂ ಕೇಳಿ ಬರಲ್ಲ.

ಆದರೆ ಒಂದು ಕಡೆ ಈ ಪುಸ್ತಕ ದುಡ್ಡಿದ್ದೋರು ಇಲ್ಲದೋರು ಎಲ್ಲರನ್ನೂ ಮುಟ್ಟುತ್ತೆ. ಓದು ನಡೀತಿರುವಾಗಲೇ ಅಮೆರಿಕದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ, ಆಕೆಯ ಅಮ್ಮ ಡೋನಾ ತೀರಿಕೊಳ್ತಾರೆ, ಒಂಟಿಯಾದ ಅಪ್ಪ ಕುಗ್ಗಿಹೋಗ್ತಾರೆ. ಆಕೆ ವಿಮಾನ ಹತ್ತಿ ಹೋಗೋದು, ಬರೋದು. ಅರವತ್ತು ದಾಟಿದ ವಿದ್ಯಾರ್ಥಿನಿಗೆ ತೊಂಬತ್ತರ ಅಪ್ಪ! ಕ್ಲಾಸಿನ ಇಪ್ಪತ್ತರ ಹುಡುಗರಿಗೆ ಇರದ ಹೊಣೆ ಇದು. ತಡವಾಗಿ ಕಲಿಯೋರು ಖಾಲಿ ಕೈಯಲ್ಲಿ ಬಂದಿರೋದಿಲ್ಲ, ಒಂದು ಕೈಯಲ್ಲಿ ಯಾವಾಗಲೂ ಮನೆ ಇರುತ್ತೆ. ಈ ಡೋನಾ ಅವರೂ ಸಾಮಾನ್ಯರಲ್ಲ. ಕೆಲಸದಿಂದ ನಿವೃತ್ತರಾದ ಮೇಲೆ ಬರವಣಿಗೆಗೆ ಕೂತು ಎರಡು ಪುಸ್ತಕ ಬರೆದವರು. ಮಗಳಿಗೆ ದಾರಿ ಹಾಕಿಕೊಟ್ಟದ್ದು ಅಮ್ಮನೇ. ಊರಲ್ಲಿ ಅಪ್ಪ ಅಮ್ಮನನ್ನ ಬಿಟ್ಟು ಬೆಂಗಳೂರಲ್ಲಿರೋ ನಮಗೆ ಈ ಅಧ್ಯಾಯಗಳು ಬೇಗ ಮುಗಿಯಲ್ಲ.

ಕೊನೆಗೆ ಆಕೆ ಇತಿಹಾಸವನ್ನ ಬಿಟ್ಟು ಕಲೆ ಹಿಡಿದರಾ? ಅದೂ ಅಲ್ಲ. ಬಿಳಿಯರು ಅನ್ನೋ ಕಲ್ಪನೆ ಹೇಗೆ ಹುಟ್ಟಿತು ಅನ್ನೋದರ ಬಗ್ಗೆ ಆಕೆಯ 'ದಿ ಹಿಸ್ಟರಿ ಆಫ್ ವೈಟ್ ಪೀಪಲ್' ಹೊರಬಂದದ್ದು 2010ರಲ್ಲಿ, ಎಂಎಫ್‌ಎ ಓದ್ತಿರುವಾಗಲೇ. ಅದೇ ಅಧ್ಯಯನದ ಸರಕು 'ಒಡಲಿಸ್ಕ್ ಅಟ್ಲಾಸ್' ಅನ್ನೋ ಚಿತ್ರಮಾಲಿಕೆಯಾಗಿ ತಿರುಗಿ ಬಂತು. ಮೊದಲು ಅಡ್ಡಗಾಲಾಗಿದ್ದ ಇತಿಹಾಸವೇ ಆಮೇಲೆ ಬಣ್ಣ ಆಯ್ತು. ಆದರೆ ಅದು ತಾನಾಗೇ ಆಗಲಿಲ್ಲ, ನಡುವೆ ಆ ಪೆಟ್ಟು ತಿನ್ನೋ ವರ್ಷಗಳು ಬೇಕಾದವು.

ಈಗ ನಮ್ಮ ನಗರದ ವೀಕೆಂಡ್ ವರ್ಕ್‌ಶಾಪುಗಳನ್ನ ನೋಡಿ. ಮೂರು ಗಂಟೇಲಿ ಕುಂಬಾರಿಕೆ, ಎರಡು ಗಂಟೇಲಿ ಮಧುಬನಿ, ಕೊನೇಲಿ ಒಂದು ಗ್ರೂಪ್ ಫೋಟೋ. ನಾನೂ ಹೋಗಿದ್ದೀನಿ, ಚೆನ್ನಾಗೇ ಇರುತ್ತೆ, ವಾರದ ಸುಸ್ತು ಇಳಿಯುತ್ತೆ. ಆದರೆ ಅಲ್ಲಿ ಯಾರೂ ನಿಮ್ಮ ಮಡಕೆ ವಕ್ರ ಅನ್ನಲ್ಲ. ಅದಕ್ಕೆ ನೀವು ಕೊಟ್ಟ ಹಣದಲ್ಲಿ ಜಾಗ ಇಲ್ಲ. ಇನ್ನೊಂದು ಕಡೆ, ನಾಲ್ಕು ಚಿತ್ರ ಬರೆದ ಕೂಡ್ಲೇ ಸಹೋದ್ಯೋಗಿಗಳು ಕೇಳೋದು ಇನ್‌ಸ್ಟಾ ಪೇಜ್ ಮಾಡಿದ್ಯಾ, ಮಾರ್ತೀಯಾ ಅಂತ. ಒಂದೋ ಟೈಮ್‌ಪಾಸು, ಇಲ್ಲಾ ಸೈಡ್ ಬಿಸಿನೆಸ್ಸು. ಕಲಿಯೋದು ಅನ್ನೋ ಮೂರನೇ ಖಾನೆ ನಮ್ಮ ಫಾರ್ಮಿನಲ್ಲೇ ಇಲ್ಲ. ಪೇಂಟರ್ ಪುಸ್ತಕ ಆ ಖಾನೆಯನ್ನ ಕೈಯಾರೆ ಗೆರೆ ಎಳೆದು ಸೇರಿಸುತ್ತೆ.

ಅದಕ್ಕೇ, ವಯಸ್ಸಾಯ್ತಲ್ಲ ಇನ್ನೇನು ಅಂತ ಕೂತಿರೋರಿಗೆ ಕೊಡೋಕೆ ಇದು ಒಳ್ಳೇ ಪುಸ್ತಕ ಅಲ್ಲ, ಹೆದರಿಬಿಡ್ತಾರೆ. ಆಗಲೇ ಎಲ್ಲೋ ಸೇರಿಕೊಂಡು, ಆರು ತಿಂಗಳಾಗಿ, ಯಾಕಾದ್ರೂ ಬಂದೆನೋ ಅಂದುಕೊಳ್ತಾ ಇರೋರಿಗೆ ಕೊಡಿ. ಮತ್ತೆ ನಿಮ್ಮ ಮನೇಲಿ ಯಾರಾದ್ರೂ ಹೊಸದೇನಾದ್ರೂ ಕಲೀತಿದ್ರೆ, ಮುಂದಿನ ಸಲ ಅವರು ತೋರಿಸಿದಾಗ ಸೂಪರ್ ಅನ್ನೋ ಮೊದಲು ಎರಡು ನಿಮಿಷ ಕೂತು ನೋಡಿ. ಸರಿ ಇಲ್ಲದ್ದನ್ನ ಒಂದಾದ್ರೂ ಹುಡುಕಿ ಹೇಳಿ.