ಎರಡು ಬಾಲದ ಚಿತ್ರ, ನಾಲ್ಕು ಬಾಲದ ಅಣು

ಕೋಶಪೊರೆಯ ಚಿತ್ರ ಬರೆದು ಅಂಕ ಗಳಿಸದ ವಿಜ್ಞಾನ ವಿದ್ಯಾರ್ಥಿ ಅಪರೂಪ. ದುಂಡು ತಲೆ, ಎರಡು ಬಾಲ. ಒಂದೇ ಅಚ್ಚಿನಲ್ಲಿ ತೆಗೆದಂಥ ಲಿಪಿಡ್ ಅಣುಗಳು ಎರಡು ಸಾಲಾಗಿ ನಿಂತಿರುತ್ತವೆ. ನಡುನಡುವೆ ಪ್ರೋಟೀನ್‌ಗಳು ತೇಲುತ್ತಿರುತ್ತವೆ. ಕೆಲಸವೆಲ್ಲ ಪ್ರೋಟೀನ್‌ಗಳದು, ಲಿಪಿಡ್ ಬರೀ ಗಾರೆ ಎಂಬ ಭಾವನೆಯನ್ನು ಈ ಚಿತ್ರ ಬಿತ್ತುತ್ತದೆ. ನನ್ನ ಆಕ್ಷೇಪ ಇರುವುದು ಇಲ್ಲಿ.

ದೋಷ ಮೂಲ ಲೇಖಕರದಲ್ಲ. 1972ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಮಾದರಿಯನ್ನು ಮಂಡಿಸಿದ ಸಿಂಗರ್ ಮತ್ತು ನಿಕೋಲ್ಸನ್, ಲಿಪಿಡ್‌ಗಳ ಒಂದು ಸಣ್ಣ ಪಾಲು ಪ್ರೋಟೀನ್‌ಗಳೊಡನೆ ನಿರ್ದಿಷ್ಟ ನಂಟು ಹೊಂದಿರಬಹುದೆಂದು ಸೂಚಿಸಿದ್ದರು. ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುವಾಗ ಚಿತ್ರ ಉಳಿಯಿತು, ಆ ಮಾತು ಉದುರಿಹೋಯಿತು.

ಆ ಸಣ್ಣ ಪಾಲಿಗೆ ಒಳ್ಳೆಯ ಉದಾಹರಣೆ ಕಾರ್ಡಿಯೊಲಿಪಿನ್. 1942ರಲ್ಲಿ ಮೇರಿ ಪ್ಯಾಂಗ್‌ಬಾರ್ನ್ ಇದನ್ನು ದನದ ಹೃದಯದಿಂದ ಬೇರ್ಪಡಿಸಿದರು. ಹೆಸರು ಬಂದದ್ದೂ ಹೃದಯದಿಂದಲೇ. ಗರ್ಭಿಣಿಯರಿಗೆ ಮಾಡಿಸುವ ವಿ.ಡಿ.ಆರ್.ಎಲ್. ರಕ್ತಪರೀಕ್ಷೆಯಲ್ಲಿ ಬಳಸುವ ವಸ್ತುವಿನಲ್ಲಿ ಇದೇ ಅಣು ಇದೆ. ಎರಡು ಫಾಸ್ಫೊಲಿಪಿಡ್‌ಗಳನ್ನು ಗ್ಲಿಸರಾಲ್ ಕೊಂಡಿಯಿಂದ ಜೋಡಿಸಿದಂತಿರುವ ಇದಕ್ಕೆ ಬಾಲಗಳು ನಾಲ್ಕು, ಫಾಸ್ಫೇಟ್‌ಗಳು ಎರಡು. ಸಸ್ತನಿಗಳಲ್ಲಿ ಇದರ ಮುಖ್ಯ ನೆಲೆ ಮೈಟೊಕಾಂಡ್ರಿಯದ ಒಳಪೊರೆ. ಅಲ್ಲಿನ ಲಿಪಿಡ್‌ನಲ್ಲಿ ಸುಮಾರು ಐದನೆಯ ಒಂದು ಪಾಲು ಇದೇ. ಬ್ಯಾಕ್ಟೀರಿಯಗಳ ಪೊರೆಯಲ್ಲೂ ಇದೆ. ಮೈಟೊಕಾಂಡ್ರಿಯದ ಪೂರ್ವಜರು ಬ್ಯಾಕ್ಟೀರಿಯಗಳೆಂಬುದನ್ನು ನೆನೆದರೆ ಇದು ಅಚ್ಚರಿಯಲ್ಲ.

ಇಷ್ಟು ವಿಶಿಷ್ಟವಾದ ಅಣುವಿಗೆ ಅಷ್ಟೇ ವಿಶಿಷ್ಟವಾದ ಕೆಲಸವೊಂದನ್ನು ಕಟ್ಟಿಕೊಡುವ ಆಸೆ ಸಹಜ. ಗಾರೆಯ ಕಲ್ಪನೆಯನ್ನು ತಿದ್ದಹೊರಟವರು ಮುಗ್ಗರಿಸುವುದೂ ಇಲ್ಲಿಯೇ.

ಮೊದಲನೆಯ ಕಥೆ ಭೌತವಿಜ್ಞಾನಿಗೆ ತುಂಬ ಹಿಡಿಸುವಂಥದು. ಕಾರ್ಡಿಯೊಲಿಪಿನ್‌ನ ತಲೆ ಕಿರಿದು, ಬಾಲಗಳ ಹರಹು ಹಿರಿದು, ಆಕಾರ ಶಂಕುವಿನಂತೆ. ದಂಡಾಕಾರದ ಈ. ಕೋಲೈ ಬ್ಯಾಕ್ಟೀರಿಯದ ತುದಿಗಳಲ್ಲಿ ಪೊರೆ ಹೆಚ್ಚು ಬಾಗಿದೆ. ಅಲ್ಲಿ ಒಳಪದರದ ತಲೆಗಳು ಒತ್ತೊತ್ತಾಗಿರಬೇಕು. ಅಲ್ಲಿಗೆ ಶಂಕು ಒಗ್ಗುತ್ತದೆ. 2000ದಲ್ಲಿ ಮಿಲೆಕೊವ್‌ಸ್ಕಯಾ ಮತ್ತು ಡೌಹಾನ್ ಪ್ರತಿದೀಪಕ ಬಣ್ಣವೊಂದನ್ನು ಬಳಸಿ, ತುದಿಗಳಲ್ಲೂ ಕೋಶ ಇಬ್ಭಾಗವಾಗುವ ನಡುವಿನಲ್ಲೂ ಹೊಳಪು ಕಂಡರು. ಆದರೆ ಲೆಕ್ಕ ಹಾಕಿ ನೋಡಿ. ಅಣುವಿನ ಅಗಲ 1 ನ್ಯಾನೊಮೀಟರ್ ಆಸುಪಾಸು. ತುದಿಯ ವಕ್ರತಾ ತ್ರಿಜ್ಯ ನೂರಾರು ನ್ಯಾನೊಮೀಟರ್. ಹೊಲದಲ್ಲಿ ನಿಂತವನಿಗೆ ಭೂಮಿ ಗುಂಡಗಿರುವುದು ತಿಳಿಯದ ಹಾಗೆ, ಒಂಟಿ ಅಣುವಿಗೆ ಈ ಬಾಗು ತಿಳಿಯುವುದಿಲ್ಲ. 2006ರಲ್ಲಿ ಹುವಾಂಗ್, ಮುಖೋಪಾಧ್ಯಾಯ ಮತ್ತು ವಿಂಗ್ರೀನ್ ಈ ತೊಡಕನ್ನು ಎದುರಿಸಿ, ಅಣುಗಳು ಗುಂಪುಗೂಡಿದರೆ ಮಾತ್ರ ಇದು ಸಾಧ್ಯವೆಂದು ತೋರಿಸಿದರು. ಇನ್ನು ಆ ಬಣ್ಣ ಕಾರ್ಡಿಯೊಲಿಪಿನ್‌ಗೆ ಮಾತ್ರ ಅಂಟುವುದಿಲ್ಲ, ಋಣ ಆವೇಶದ ಇತರ ಲಿಪಿಡ್‌ಗಳಿಗೂ ಅಂಟುತ್ತದೆಂದು 2014ರಲ್ಲಿ ಹೊರಬಿತ್ತು. ಕಾರ್ಡಿಯೊಲಿಪಿನ್ ತಯಾರಿಸುವ ಮೂರೂ ಜೀನ್‌ಗಳನ್ನು ತೆಗೆದ ಈ. ಕೋಲೈ ಪ್ರಯೋಗಾಲಯದಲ್ಲಿ ಬದುಕುತ್ತದೆಂಬುದು ಅದಕ್ಕೆ ಎರಡು ವರ್ಷ ಮೊದಲೇ ತಿಳಿದಿತ್ತು.

ಎರಡನೆಯದು ಪ್ರೋಟಾನ್ ಬಲೆಯ ಕಥೆ. ಮೈಟೊಕಾಂಡ್ರಿಯದ ಒಳಪೊರೆಯ ಎರಡು ಬದಿಗಳ ನಡುವೆ 150 ಮಿಲಿವೋಲ್ಟ್ ಇದ್ದು, ದಪ್ಪ 5 ನ್ಯಾನೊಮೀಟರ್ ಎಂದಿಟ್ಟುಕೊಂಡರೆ ವಿದ್ಯುತ್ ಕ್ಷೇತ್ರ ಮೀಟರಿಗೆ 3 ಕೋಟಿ ವೋಲ್ಟ್! ಗಾಳಿಯಲ್ಲಿ ಕಿಡಿ ಹಾರಲು ಇದರ ಹತ್ತನೆಯ ಒಂದು ಪಾಲು ಸಾಕು. (ತರಗತಿಯಲ್ಲಿ ಈ ಲೆಕ್ಕ ಮಾಡಿಸಿ, ಹುಡುಗರು ಬೆರಗಾಗುತ್ತಾರೆ.) ಇಂಥ ಪೊರೆಯ ಮೇಲ್ಮೈಯಲ್ಲಿ ಕಾರ್ಡಿಯೊಲಿಪಿನ್ ಪ್ರೋಟಾನ್‌ಗಳನ್ನು ಹಿಡಿದಿಡುತ್ತದೆ, ಅದರ ಎರಡನೆಯ ಫಾಸ್ಫೇಟ್ ತನ್ನ ಪ್ರೋಟಾನನ್ನು ಸುಲಭವಾಗಿ ಬಿಡುವುದಿಲ್ಲ ಎಂದು 2002ರಲ್ಲಿ ಹೇನ್ಸ್ ಮತ್ತು ಡೆಂಚರ್ ವಾದಿಸಿದರು. 2013ರಲ್ಲಿ ಓಲೊಫ್‌ಸನ್ ಮತ್ತು ಸ್ಪಾರ್ ಅಳೆದು ನೋಡಿದಾಗ ಎರಡೂ ಫಾಸ್ಫೇಟ್‌ಗಳು ಪ್ರಬಲ ಆಮ್ಲದಂತೆ ವರ್ತಿಸಿದವು. ಬಲೆಯ ಆಧಾರವೇ ಕುಸಿಯಿತು. ಆದರೂ ಜನಪ್ರಿಯ ಬರಹಗಳಲ್ಲಿ ಎರಡೂ ಕಥೆಗಳು ಹಳೆಯ ರೂಪದಲ್ಲೇ ಓಡಾಡುತ್ತಿವೆ.

ಹಾಗಾದರೆ ಗಾರೆ ಎಂದವರೇ ಸರಿಯೇ? ಅಲ್ಲ. ಎ.ಡಿ.ಪಿ. ಮತ್ತು ಎ.ಟಿ.ಪಿ.ಗಳನ್ನು ಒಳಪೊರೆಯ ಆಚೀಚೆ ಸಾಗಿಸುವ ಪ್ರೋಟೀನಿಗೆ ಕಾರ್ಡಿಯೊಲಿಪಿನ್ ಬಿಗಿಯಾಗಿ ಅಂಟಿರುವುದನ್ನು ಬೈಯರ್ ಮತ್ತು ಕ್ಲಿಂಗೆನ್‌ಬರ್ಗ್ 1985ರಲ್ಲೇ ಕಂಡಿದ್ದರು. ಎಲ್ಲಕ್ಕಿಂತ ಗಟ್ಟಿ ಸಾಕ್ಷ್ಯ ಬಂದದ್ದು ಕಾಯಿಲೆ ಬಿದ್ದ ಮಕ್ಕಳಿಂದ. 1983ರಲ್ಲಿ ನೆದರ್‌ಲೆಂಡ್ಸ್‌ನ ವೈದ್ಯ ಪೀಟರ್ ಬಾರ್ತ್ ಮತ್ತು ಸಂಗಡಿಗರು ವಿವರಿಸಿದ ಒಂದು ಆನುವಂಶಿಕ ರೋಗದಲ್ಲಿ ಹೃದಯದ ಸ್ನಾಯು ಸೋಲುತ್ತದೆ, ಮೈಯ ಸ್ನಾಯುಗಳು ಬಲಗುಂದುತ್ತವೆ, ರಕ್ತದ ಬಿಳಿಕಣಗಳಲ್ಲಿ ಒಂದು ಬಗೆಯವು ಕಡಮೆಯಾಗುತ್ತವೆ. ದೋಷವಿರುವ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ನರಳುವವರು ಬಹುಪಾಲು ಗಂಡುಮಕ್ಕಳು. 1996ರಲ್ಲಿ ಪತ್ತೆಯಾದ ಆ ಜೀನ್ ಕಾರ್ಡಿಯೊಲಿಪಿನನ್ನು ತಯಾರಿಸುವುದಿಲ್ಲ, ಅದರ ಬಾಲಗಳನ್ನು ಬದಲಿಸುತ್ತದೆ, ಅಷ್ಟೆ. ಆರೋಗ್ಯವಂತ ಹೃದಯದಲ್ಲಿ ಬಹುಪಾಲು ಕಾರ್ಡಿಯೊಲಿಪಿನ್‌ನ ನಾಲ್ಕೂ ಬಾಲಗಳು ಲಿನೊಲಿಯಿಕ್ ಆಮ್ಲದವು. ಕುಸುಬೆ, ಸೂರ್ಯಕಾಂತಿ ಎಣ್ಣೆಗಳಲ್ಲಿ ಇರುವುದು ಇದೇ ಆಮ್ಲ. ಬಾಲ ಬದಲಿಸುವ ಕೆಲಸ ಕೆಟ್ಟರೆ ಮೂರೇ ಬಾಲದ ಅಣುಗಳು ಸೇರಿಕೊಳ್ಳುತ್ತವೆ, ಒಳಪೊರೆಯ ಮಡಿಕೆಗಳು ಅಸ್ತವ್ಯಸ್ತವಾಗುತ್ತವೆ. ರೋಗವನ್ನು ಖಚಿತಪಡಿಸಿಕೊಳ್ಳಲು ರಕ್ತದಲ್ಲಿ ಅಳೆಯುವುದು ಮೂರು ಬಾಲದ ಅಣುಗಳಿಗೂ ನಾಲ್ಕು ಬಾಲದವುಗಳಿಗೂ ಇರುವ ಅನುಪಾತವನ್ನು.