ಇಂದಿನ ಆರಾಧನಾಗೀತಗಳೂ ಬೈಬಲಿನ ಮಾತೂ

ಭಕ್ತಿಗೀತವನ್ನು ಧರ್ಮಗ್ರಂಥದೊಡನೆ ಹೋಲಿಸಿ ಬೆಲೆಕಟ್ಟುವ ಕ್ರಮ ಎರಡು ಬಗೆಯಾಗಿರಬಹುದು. ಗೀತದಲ್ಲಿ ಬಂದ ಮಾತುಗಳು ಗ್ರಂಥದಲ್ಲಿ ಇವೆಯೋ ಇಲ್ಲವೋ ಎಂದು ನೋಡುವುದು ಒಂದು. ಆ ಮಾತುಗಳು ಗ್ರಂಥದಲ್ಲಿ ಯಾವ ಮಾತುಗಳ ಸಂಗಡ ನಿಂತಿದ್ದವೋ ಆ ಸಂಗವು ಗೀತದಲ್ಲಿಯೂ ಉಳಿದಿದೆಯೋ ಎಂದು ನೋಡುವುದು ಇನ್ನೊಂದು. ಮೊದಲನೆಯದು ಸುಲಭ, ಪದಸೂಚಿಯೊಂದು ಕೈಯಲ್ಲಿದ್ದರೆ ಶಾಲೆಯ ಹುಡುಗನೂ ಅದನ್ನು ಮಾಡಬಲ್ಲನು. ಎರಡನೆಯದಕ್ಕೆ ಗ್ರಂಥವನ್ನು ಓದಬೇಕಾಗುತ್ತದೆ. ಇಂದಿನ ಕನ್ನಡ ಕ್ರೈಸ್ತ ಆರಾಧನಾಗೀತಗಳಲ್ಲಿ ಬಹುಪಾಲು ಮೊದಲನೆಯ ಪರೀಕ್ಷೆಯಲ್ಲಿ ನಿರಾಯಾಸವಾಗಿ ತೇರ್ಗಡೆಯಾಗುವುವು. ತೊಡಕು ಇರುವುದು ಎರಡನೆಯದರಲ್ಲಿ.

ಉಡುಪಿಯಿಂದ ತೆಂಕಲಾಗಿ ಕಾಪು, ಇನ್ನಂಜೆ, ಶಂಕರಪುರ, ಶಿರ್ವಗಳ ಕಡೆಗೆ ಹೋದರೆ ಕ್ರೈಸ್ತರ ಮನೆಗಳು ಬಹಳವಾಗಿ ಕಾಣಸಿಗುವುವು. ಅವುಗಳಲ್ಲಿ ಹೆಚ್ಚಿನವು ಕೊಂಕಣಿಯನ್ನಾಡುವ ಕಥೋಲಿಕರವು. ಜಿಲ್ಲೆಯ ಬೇರೆಡೆಗಳಲ್ಲಿ ಬಾಸೆಲ್ ಮಿಶನಿನ ಪರಂಪರೆಗೆ ಸೇರಿದ, ಕನ್ನಡದಲ್ಲಿಯೂ ತುಳುವಿನಲ್ಲಿಯೂ ಹಾಡುವ ಸಭೆಗಳುಂಟು. ಇವೆರಡಕ್ಕೂ ಸೇರದ ಸ್ವತಂತ್ರ ಪ್ರಾರ್ಥನಾಕೂಟಗಳು ಈಚಿನ ದಶಕಗಳಲ್ಲಿ ಎದ್ದಿವೆ. ಪಂಥಗಳ ನಡುವೆ ಗೋಡೆಗಳಿದ್ದರೂ ಹೊಸ ಹಾಡುಗಳಿಗೆ ಆ ಗೋಡೆಗಳು ಅಡ್ಡಿಯಾಗಿಲ್ಲ. ತಮಿಳಿನಿಂದ, ತೆಲುಗಿನಿಂದ, ಇಂಗ್ಲಿಷಿನಿಂದ ಕನ್ನಡಕ್ಕೆ ಬಂದವುಗಳೂ ಕನ್ನಡದಲ್ಲಿಯೇ ಹುಟ್ಟಿದವುಗಳೂ ದೂರವಾಣಿಯ ಮೂಲಕ ಮನೆಮನೆಗೆ ತಲುಪುತ್ತವೆ. ಅಡುಗೆಮನೆಯಲ್ಲಿ ಬೆಳಗ್ಗೆ ಕೇಳಿದ್ದನ್ನೇ ಸಂಜೆ ಕೂಟದಲ್ಲಿ ಹಾಡುವರು. ಆದಕಾರಣ ಇದು ಒಂದು ಸಭೆಯ ವಿಚಾರವಾಗಿ ಉಳಿದಿಲ್ಲ.

ಹಿರಿಯರು ಈ ಗೀತಗಳ ಮೇಲೆ ಹೊರಿಸುವ ಅಪವಾದಗಳಲ್ಲಿ ಕೆಲವನ್ನು ಮೊದಲೇ ತಳ್ಳಿಹಾಕಬೇಕು. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವರೆಂಬುದು ಒಂದು ದೂರು. ಆದರೆ ೧೩೬ನೆಯ ಕೀರ್ತನೆಯ ೨೬ ವಚನಗಳಲ್ಲಿ ಪ್ರತಿಯೊಂದೂ ಒಂದೇ ಉತ್ತರಾರ್ಧದಿಂದ ಮುಗಿಯುತ್ತದೆ. ‘ನಾನು’ ‘ನನ್ನ’ ಎಂಬುದೇ ಹೆಚ್ಚೆಂದು ಇನ್ನೊಂದು ದೂರು. ೨೩ನೆಯ ಕೀರ್ತನೆಯಿಂದ ‘ನನ್ನ’ ಎಂಬುದನ್ನು ತೆಗೆದರೆ ಉಳಿಯುವುದೇನು? ವಾದ್ಯದ ಗದ್ದಲವಂತೂ ದೋಷವೇ ಅಲ್ಲ. ಕಡೆಯ ಕೀರ್ತನೆಯು ತಾಳಗಳ ಘೋಷವನ್ನೇ ವಿಧಿಸಿದೆ. ಕಿವಿಗೆ ಒಗ್ಗದುದನ್ನೆಲ್ಲ ಶಾಸ್ತ್ರವಿರುದ್ಧವೆನ್ನುವುದು ನ್ಯಾಯವಲ್ಲ.

ಹಳೆಯ ಗೀತಗಳು ನಿರ್ದೋಷವಾಗಿದ್ದವೆಂದೂ ಹೇಳಲಾಗದು. ೧೮೩೪ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದು, ಮುಂದೆ ಮೂಲ್ಕಿ ಉಡುಪಿಗಳಲ್ಲಿ ನೆಲೆನಿಂತಾಗ ಜರ್ಮನಿಯ ರಾಗಗಳನ್ನೂ ತಮ್ಮೊಡನೆ ತಂದರು. ಆ ರಾಗಗಳು ಗಂಭೀರವಾದವು, ನಿಜ. ಆದರೆ ಅಕ್ಷರಕ್ಕೊಂದು ಸ್ವರದಂತೆ ಸಮನಾಗಿ ಎಳೆಯುವ ಆ ಕ್ರಮವು ಲಘುಗುರುಗಳ ಮೇಲೆ ನಿಂತ ಕನ್ನಡಕ್ಕೆ ಹೊಂದುವುದಿಲ್ಲ. ಹ್ರಸ್ವವನ್ನು ಎಳೆದರೆ ‘ಬಲ’ವು ‘ಬಾಲ’ವಾಗುವುದು; ಹಾಡುವವನ ಶ್ರದ್ಧೆ ಎಷ್ಟೇ ದೊಡ್ಡದಾಗಿದ್ದರೂ ಕೇಳುವವನಿಗೆ ನಗು ಬರುವುದು. ಬುದ್ಧಿಯಿಂದಲೂ ಹಾಡಬೇಕೆಂದು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ೧೪ನೆಯ ಅಧ್ಯಾಯದಲ್ಲಿ ಹೇಳಿರುವ ಮಾತಿಗೆ ಇದು ಸಲ್ಲದು. ಈ ಕೊರತೆಯನ್ನು ಮಿಶನಿನವರಲ್ಲಿಯೇ ಕೆಲವರು ಅರಿತಿದ್ದರು. ಹೆರ್ಮನ್ ಮೋಗ್ಲಿಂಗನು ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದನು. ಫೆರ್ಡಿನಂಡ್ ಕಿಟ್ಟೆಲನು ೧೮೬೨ರಲ್ಲಿ ಪ್ರಕಟವಾದ ತನ್ನ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಈ ನಾಡಿನ ಪದ್ಯಧಾಟಿಯಲ್ಲಿಯೇ ಹೇಳಲು ಯತ್ನಿಸಿದನು, ನಾಗವರ್ಮನ ಛಂದೋಗ್ರಂಥವನ್ನು ೧೮೭೫ರಲ್ಲಿ ಸಂಪಾದಿಸಿದವನೂ ಅವನೇ. ಆ ದಾರಿಯಲ್ಲಿ ಮುಂದೆ ನಡೆದವರು ವಿರಳ. ಇಂದಿನ ಗೀತಕಾರರು ಛಂದಸ್ಸನ್ನು ಬಲ್ಲವರೆಂದಲ್ಲ, ಆದರೆ ಅವರ ಕಿವಿ ಈ ನಾಡಿನದು. ಭಜನೆಯ ನಡೆ, ಚಪ್ಪಾಳೆಯ ಲಯ, ಮನೆಮಾತಿಗೆ ಹತ್ತಿರವಾದ ಕನ್ನಡ, ಇವುಗಳಿಂದ ಹಾಡು ಎಲ್ಲರ ಬಾಯಿಗೂ ಬಂದಿದೆ. ಒಂದೇ ಹಾಡಿನಲ್ಲಿ ದೇವರನ್ನು ಒಮ್ಮೆ ‘ನೀನು’ ಎಂದೂ ಒಮ್ಮೆ ‘ನೀವು’ ಎಂದೂ ಕರೆಯುವ ಅಜಾಗರೂಕತೆ ಅಲ್ಲಲ್ಲಿ ಇದೆ. ದಾಸರಿಗೆ ‘ನೀನು’ ಎನ್ನಲು ಸಂಕೋಚವಿರಲಿಲ್ಲವೆಂಬುದನ್ನು ಇವರು ನೆನೆಯಬಹುದು. ಇದು ಸಣ್ಣ ಮಾತು.

ದೊಡ್ಡ ಮಾತು ಬೇರೆಯಿದೆ. ಯೆರೆಮೀಯನ ಗ್ರಂಥದ ೨೯ನೆಯ ಅಧ್ಯಾಯದ ೧೧ನೆಯ ವಚನದಷ್ಟು ಇಂದಿನ ಗೀತಗಳಿಗೆ ಪ್ರಿಯವಾದ ವಚನ ಬೇರೊಂದಿರಲಾರದು. ದೇವರ ಆಲೋಚನೆಗಳು ಕೇಡಿನವಲ್ಲ, ಹಿತದವು; ಅವು ಮುಂದಿನ ಕಾಲಕ್ಕೆ ನಿರೀಕ್ಷೆಯನ್ನು ಕೊಡುವಂಥವು ಎಂಬುದು ಅದರ ತಾತ್ಪರ್ಯ. ಗೀತದಲ್ಲಿ ಇದು ಬರುವುದು ಉದ್ಯೋಗ, ಪರೀಕ್ಷೆ, ವಿದೇಶಪ್ರಯಾಣ ಮುಂತಾದವುಗಳ ಆಶ್ವಾಸನೆಯಾಗಿ. ಗ್ರಂಥದಲ್ಲಿಯಾದರೋ ಇದು ಬಾಬೆಲಿಗೆ ಸೆರೆಯಾಗಿ ಒಯ್ಯಲ್ಪಟ್ಟವರಿಗೆ ಯೆರೂಸಲೇಮಿನಿಂದ ಹೋದ ಓಲೆಯ ಒಂದು ಸಾಲು. ಇದರ ಹಿಂದಿನ ವಚನವೇ ಬಿಡುಗಡೆಗೆ ೭೦ ವರ್ಷಗಳಾಗಬೇಕೆಂದು ಹೇಳುತ್ತದೆ. ಅಂದರೆ ಓಲೆಯನ್ನು ಓದಿಸಿ ಕೇಳಿದ ದೊಡ್ಡವರಲ್ಲಿ ಬಹುತೇಕರು ಆ ನಿರೀಕ್ಷೆಯ ಫಲವನ್ನು ಕಣ್ಣಾರೆ ಕಾಣದೆ ಪರನಾಡಿನಲ್ಲಿಯೇ ಮಣ್ಣಾಗತಕ್ಕವರು. ಅಲ್ಲಿಯವರೆಗೆ ಅವರು ಮನೆ ಕಟ್ಟಬೇಕು, ತೋಟ ಮಾಡಬೇಕು, ಮಕ್ಕಳ ಮದುವೆ ಮಾಡಬೇಕು, ತಮ್ಮನ್ನು ಸೆರೆಯಾಗಿಸಿದ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಬೇಕು.

ಇಷ್ಟೇ ಅಲ್ಲ. ಇದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಬರುತ್ತಾನೆ. ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುವುದೆಂದು ಅವನು ಜನರ ಮುಂದೆ ಘೋಷಿಸಿದನು. ಅವನೂ ಯೆಹೋವನ ಹೆಸರಿನಿಂದಲೇ ಮಾತಾಡಿದನು. ಜನರಿಗೆ ಪ್ರಿಯವಾದದ್ದನ್ನೇ ಹೇಳಿದನು. ಗ್ರಂಥವು ಅವನನ್ನು ಸುಳ್ಳು ಪ್ರವಾದಿಯೆಂದು ತೀರ್ಮಾನಿಸಿದೆ. ೭೦ ವರ್ಷಗಳ ಮಾತನ್ನು ಕತ್ತರಿಸಿ ನಿರೀಕ್ಷೆಯ ಮಾತನ್ನು ಮಾತ್ರ ಹಾಡಿದರೆ, ಶಬ್ದಗಳು ಯೆರೆಮೀಯನವಾಗಿ ಸಂದೇಶ ಹನನ್ಯನದಾಗುತ್ತದೆ. ಒಂದು ಅಕ್ಷರವನ್ನೂ ತಿದ್ದದೆ ಗ್ರಂಥವನ್ನು ಅದರ ವಿರೋಧಿಯ ಪಕ್ಷಕ್ಕೆ ಸೇರಿಸಿಬಿಡಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

‘ಯೆಹೋವ ಯೀರೆ’ ಎಂಬ ನಾಮದ ಗತಿಯೂ ಇದೇ. ಹಾಡುಗಳಲ್ಲಿ ಇದು ಬೇಕಾದುದನ್ನೆಲ್ಲ ಒದಗಿಸುವವನೆಂಬ ಅರ್ಥದಲ್ಲಿ, ಮನೆಯ ಅಗತ್ಯಗಳ ಪಟ್ಟಿಯೊಡನೆ ಬರುತ್ತದೆ. ಆದಿಕಾಂಡದ ೨೨ನೆಯ ಅಧ್ಯಾಯದಲ್ಲಿ ಇದು ಒಂದು ಬೆಟ್ಟದ ಮೇಲಣ ಸ್ಥಳದ ಹೆಸರು. ಅಬ್ರಹಾಮನು ಮಗನನ್ನು ಕಟ್ಟಿ ಕಟ್ಟಿಗೆಯ ಮೇಲೆ ಇಟ್ಟು ಕತ್ತಿಯನ್ನೆತ್ತಿದ ಮೇಲೆ, ಪೊದೆಯಲ್ಲಿ ಸಿಕ್ಕಿಕೊಂಡ ಟಗರು ಅವನ ಕಣ್ಣಿಗೆ ಬಿತ್ತು. ಅಲ್ಲಿ ಒದಗಿದ್ದು ಸಂಪತ್ತಲ್ಲ, ಸಾವಿನ ಬದಲಿಗೆ ಒಂದು ಬಲಿ. ಕುರಿಮರಿಯೆಲ್ಲಿ ಎಂದು ದಾರಿಯಲ್ಲಿ ಮಗನು ಕೇಳಿದ ಪ್ರಶ್ನೆ, ಮೂರು ದಿನಗಳ ಪ್ರಯಾಣ, ತಂದೆ ಸಂಕಟವನ್ನು ನುಂಗಿಕೊಂಡು ಕೊಟ್ಟ ಉತ್ತರ, ಇವೆಲ್ಲವೂ ಆ ಹೆಸರಿನೊಳಗಿವೆ. ಅವನ್ನು ಬಿಟ್ಟು ಹೆಸರನ್ನು ಮಾತ್ರ ಹಾಡುವುದೆಂದರೆ ಸಿಪ್ಪೆಯನ್ನು ಉಳಿಸಿಕೊಂಡು ಹಣ್ಣನ್ನು ಎಸೆದಂತೆ.

ಇದರಿಂದ ಯಾರಿಗೆ ಏನು ನಷ್ಟವೆಂದು ಕೇಳಬಹುದು. ನಷ್ಟವಾಗುವುದು ದುಃಖದಲ್ಲಿರುವವನಿಗೆ. ಕೀರ್ತನೆಗಳ ಗ್ರಂಥವು ೧೫೦ ಗೀತಗಳ ಸಂಗ್ರಹ. ಅವುಗಳಲ್ಲಿ ಮೂರರಲ್ಲೊಂದು ಪಾಲಿಗೆ ಕಡಿಮೆಯಿಲ್ಲದಷ್ಟು ಮೊರೆಯ, ಗೋಳಿನ, ದೇವರೊಡನೆ ಜಗಳದ ಗೀತಗಳು. ಎಷ್ಟರವರೆಗೆ ಎಂದು ೧೩ನೆಯದು ನಾಲ್ಕು ಬಾರಿ ಕೇಳುತ್ತದೆ. ೮೮ನೆಯದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಕೊನೆಗೊಂದು ಸಮಾಧಾನದ ನುಡಿಯನ್ನು ಸೇರಿಸಲು ಸಂಗ್ರಹಕಾರರು ಕೈಹಾಕಲಿಲ್ಲ. ಕ್ರಿಸ್ತನು ಶಿಲುಬೆಯ ಮೇಲೆ ಕೂಗಿ ಹೇಳಿದ್ದು ೨೨ನೆಯ ಕೀರ್ತನೆಯ ಮೊದಲ ಸಾಲನ್ನೆಂದು ಮತ್ತಾಯನೂ ಮಾರ್ಕನೂ ಬರೆದಿರುವರು. ಇಂದಿನ ಸಂಗ್ರಹಗಳನ್ನು ತಿರುವಿಹಾಕಿದರೆ ೨೩ರ ಛಾಯೆ ಹೆಜ್ಜೆಹೆಜ್ಜೆಗೂ ಸಿಗುವುದು. ೨೨ರದು ಸಿಗುವುದು ಅಪರೂಪ. ಗ್ರಂಥದಲ್ಲಿ ಅವೆರಡೂ ಅಕ್ಕಪಕ್ಕದಲ್ಲಿಯೇ ಇವೆ.

ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಮುಂದಿನ ಭಾನುವಾರ ಸಭೆಗೆ ಬಂದಳೆಂದು ಭಾವಿಸಿರಿ. ಜಯ, ಸಮೃದ್ಧಿ, ಅದ್ಭುತ ಎಂಬ ಮೂರು ಮಾತುಗಳ ಸುತ್ತ ತಿರುಗುವ ಹಾಡು ಅವಳ ಬಾಯಲ್ಲಿ ತನಗೆ ಏನೂ ಕೊರತೆಯಿಲ್ಲವೆಂಬ ಮಾತನ್ನು ಇಡುತ್ತದೆ. ಹಾಡಿದರೆ ಅವಳು ಸುಳ್ಳಾಡಿದಂತೆ. ಹಾಡದಿದ್ದರೆ ಸಭೆಯ ನಡುವೆ ಒಬ್ಬಂಟಿ. ನಂಬಿಕೆ ಸಾಲದ್ದರಿಂದಲೇ ಹೀಗಾಯಿತೆಂಬ ಸೂಚನೆಯೂ ಕೆಲವು ಹಾಡುಗಳ ಒಳದನಿಯಲ್ಲಿರುತ್ತದೆ. ಇದು ಯೋಬನ ಗೆಳೆಯರ ತರ್ಕ. ಆ ಗ್ರಂಥದ ಕಡೆಯ ಅಧ್ಯಾಯದಲ್ಲಿ ದೇವರು ಕೋಪಿಸಿಕೊಳ್ಳುವುದು ಗೆಳೆಯರ ಮೇಲೆ. ಸರಿಯಾಗಿ ಮಾತಾಡಿದವನೆಂದು ಹೊಗಳುವುದು, ಅಷ್ಟು ಕಾಲ ಗೋಳಾಡಿ ವಾದಿಸಿದ ಯೋಬನನ್ನು.

ಉಡುಪಿಯ ಸೀಮೆಯಲ್ಲಿ ಇದನ್ನು ವಿವರಿಸಲು ಹೆಚ್ಚು ಶ್ರಮಪಡಬೇಕಿಲ್ಲ. ದಾಸಸಾಹಿತ್ಯದಲ್ಲಿ ನಿಂದಾಸ್ತುತಿಯೆಂಬ ಒಂದು ಪ್ರಕಾರವೇ ಬೆಳೆದಿದೆ. ದೇವರನ್ನು ಮೂದಲಿಸುವುದು, ತನ್ನ ಪಾಡನ್ನು ಅವನ ಬಾಗಿಲಲ್ಲಿ ಸುರಿಯುವುದು ಇಲ್ಲಿ ಭಕ್ತಿಯ ಲಕ್ಷಣಗಳೇ ಆಗಿವೆ. ಈ ಕಿವಿಯುಳ್ಳ ನಾಡಿನಲ್ಲಿ ಮೊರೆಯಿಲ್ಲದ ಭಕ್ತಿಗೀತಗಳು ಇಷ್ಟು ಬೇಗ ಹಬ್ಬಿದುದೇ ಆಶ್ಚರ್ಯ. ಕ್ರೈಸ್ತರಲ್ಲಿಯೂ ಆ ಸ್ವರಕ್ಕೆ ಕೊರತೆಯಿರಲಿಲ್ಲ. ಟಿಪ್ಪುವಿನ ಕಾಲದ ಪಾದ್ರಿ ಜೋಕಿಂ ಮಿರಾಂದರದೆಂದು ಪ್ರಸಿದ್ಧವಾದ ಕೊಂಕಣಿ ಶ್ರಮೆಯ ಗೀತವು ತೋಟದಲ್ಲಿ ಸಂಕಟಪಡುವ ಯೇಸುವಿನಿಂದಲೇ ಮೊದಲಾಗುತ್ತದೆ. ಜರ್ಮನಿಯ ಪೌಲ್ ಗೆರ್ಹಾರ್ಟನು ಮೂವತ್ತು ವರ್ಷಗಳ ಯುದ್ಧವನ್ನೂ ಹೆಂಡತಿಮಕ್ಕಳ ಮರಣವನ್ನೂ ಕಂಡು ಬರೆದವನು. ಕುಲವನ್ನೂ ಮನೆಯನ್ನೂ ಕಳೆದುಕೊಂಡು ಬಂದ, ನೇಯ್ಗೆಯ ಶಾಲೆಯಲ್ಲಿಯೋ ೧೮೬೫ರಿಂದೀಚೆಗೆ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿಯೋ ಹೊಟ್ಟೆ ಹೊರೆಯಬೇಕಾಗಿದ್ದ ಇಲ್ಲಿನ ಮೊದಲ ಕ್ರೈಸ್ತರಿಗೆ ಅಂಥ ಪರಂಪರೆಯ ಹಾಡುಗಳು, ರಾಗ ಒಗ್ಗದಿದ್ದರೂ, ಅರ್ಥದಿಂದ ಒಗ್ಗಿರಬೇಕು. ಕ್ರೈಸ್ತರಲ್ಲದ ಮಂಜೇಶ್ವರದ ಗೋವಿಂದ ಪೈಯವರು ಕೂಡ ಕ್ರಿಸ್ತನ ಕಥೆಯಿಂದ ಕಾವ್ಯಕ್ಕೆ ಆರಿಸಿಕೊಂಡದ್ದು ‘ಗೊಲ್ಗೊಥಾ’ವನ್ನು, ಅಂದರೆ ಶಿಲುಬೆಯ ದಿನವನ್ನು.

ಗೀತವು ಉಪದೇಶವಲ್ಲ, ನಾಲ್ಕು ಸಾಲಿನ ಹಾಡಿನಲ್ಲಿ ಇಡೀ ಅಧ್ಯಾಯವನ್ನು ತುಂಬಲಾದೀತೇ ಎಂದು ಗೀತಕಾರರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಕವಿಯು ಮೂಲವನ್ನು ಶಬ್ದಶಃ ಅನುಸರಿಸಬೇಕೆಂದು ಯಾರೂ ಕೇಳುವಂತಿಲ್ಲ. ೪೬ನೆಯ ಕೀರ್ತನೆಯಿಂದ ಹುಟ್ಟಿದ ಲೂಥರನ ಸುಪ್ರಸಿದ್ಧ ಗೀತದಲ್ಲಿ ಆ ಕೀರ್ತನೆಯ ನದಿಯೂ ಇಲ್ಲ, ಸಮುದ್ರಕ್ಕೆ ಬೀಳುವ ಬೆಟ್ಟಗಳೂ ಇಲ್ಲ. ಆದರೆ ಭಯವಿದೆ, ಶತ್ರುವಿದ್ದಾನೆ, ಆಸ್ತಿಯೂ ಪ್ರಾಣವೂ ಹೋಗಬಹುದೆಂಬ ಅರಿವಿದೆ. ಅವುಗಳ ನಡುವೆ ಆಶ್ರಯವಿದೆ. ಅವನು ಶಬ್ದವನ್ನು ಬಿಟ್ಟು ಸಂಗವನ್ನು ಉಳಿಸಿಕೊಂಡನು. ಇಂದಿನವರು ಶಬ್ದವನ್ನು ಉಳಿಸಿಕೊಂಡು ಸಂಗವನ್ನು ಬಿಟ್ಟಿರುವರು. ಒಂದೊಂದು ಗೀತವೂ ಎಲ್ಲವನ್ನೂ ಹೇಳಬೇಕಿಲ್ಲ. ಆದರೆ ಒಂದು ವರ್ಷದ ೫೨ ಭಾನುವಾರಗಳಲ್ಲಿ ಹಾಡಿದ ಗೀತಗಳೆಲ್ಲವೂ ಸೇರಿದರೂ ಒಮ್ಮೆಯಾದರೂ ‘ಏಕೆ?’ ಎಂದು ಕೇಳದಿದ್ದರೆ, ಆ ಸಭೆಯು ಕೀರ್ತನೆಗಳ ಗ್ರಂಥವನ್ನು ಹಾಡುತ್ತಿಲ್ಲವೆಂದೇ ಹೇಳಬೇಕು.

ನ್ಯಾಯದ ಮಾತೂ ಹೀಗೆಯೇ ಮಾಯವಾಗಿದೆ. ಲೂಕನ ಮೊದಲನೆಯ ಅಧ್ಯಾಯದಲ್ಲಿ ಮರಿಯಳು ಹಾಡುವಾಗ ಪ್ರಭುಗಳು ಸಿಂಹಾಸನದಿಂದ ಇಳಿಯುತ್ತಾರೆ, ಹಸಿದವರು ತುಂಬುತ್ತಾರೆ, ಐಶ್ವರ್ಯವಂತರು ಬರಿಗೈಯಲ್ಲಿ ಹೋಗುತ್ತಾರೆ. ಆಮೋಸನ ೫ನೆಯ ಅಧ್ಯಾಯದಲ್ಲಿ ದೇವರು ಹಾಡುಗಳ ಸದ್ದನ್ನೇ ದೂರಮಾಡೆಂದು ಹೇಳಿ ನ್ಯಾಯವನ್ನು ಕೇಳುತ್ತಾನೆ. ಇವುಗಳಿಂದ ಹಾಡು ಕಟ್ಟುವುದು ಕಷ್ಟವೇನಲ್ಲ, ಹಾಡಿಸುವುದು ಕಷ್ಟವಿರಬಹುದು.

ಹೊಸ ಗೀತಗಳಿಗೆ ಇಲ್ಲದ್ದು ಶಕ್ತಿಯಲ್ಲ, ವಸ್ತು. ಹಬಕ್ಕೂಕನ ಕಡೆಯ ಅಧ್ಯಾಯವೊಂದೇ ಸಾಕು: ಅಂಜೂರ ಚಿಗುರದೆ, ದ್ರಾಕ್ಷೆ ಫಲಿಸದೆ, ಹೊಲ ಬೆಳೆಯದೆ, ಹಟ್ಟಿ ಬರಿದಾದರೂ ತಾನು ಯೆಹೋವನಲ್ಲಿ ಹರ್ಷಿಸುವೆನೆಂದು ಅವನು ಹಾಡುತ್ತಾನೆ. ಅವನ ಹರ್ಷಕ್ಕೆ ಬೆಲೆ ಬಂದಿರುವುದು ಆ ಬರಿಯ ಹಟ್ಟಿಯಿಂದ. ಶಂಕರಪುರ, ಇನ್ನಂಜೆಗಳ ಮಲ್ಲಿಗೆಯ ಮನೆಗಳಿಗೆ ಇದನ್ನು ತಿಳಿಸಿಹೇಳಬೇಕಿಲ್ಲ. ಮಳೆಗಾಲದಲ್ಲಿ ಗಿಡ ಮೊಗ್ಗು ಬಿಡದಿರುವುದನ್ನೂ, ಮೊಗ್ಗು ತುಂಬಿದಾಗ ಅಟ್ಟೆಯ ದರ ಇಳಿದುಹೋಗುವುದನ್ನೂ ಅವರು ಕಂಡಿರುವರು. ಆ ಗಿಡವನ್ನು, ಆ ದರವನ್ನು, ಗಲ್ಫಿನಿಂದ ಬರಿಗೈಯಲ್ಲಿ ಮರಳಿದ ಮಗನನ್ನು ಹೆಸರಿಸಿ, ಆಮೇಲೆ ಸ್ತೋತ್ರ ಹೇಳುವ ಕನ್ನಡ ಗೀತವನ್ನು ಬರೆಯಬಲ್ಲವರು ಆ ಮನೆಗಳಲ್ಲಿಯೇ ಇರಬೇಕು.

ಸದ್ಯಕ್ಕೆ, ಹೊಸ ಹಾಡುಗಳನ್ನು ಮಾತ್ರ ಬಲ್ಲ ತರುಣರು ಕೂಡ ಸಾವಿನ ಮನೆಗೆ ಹೋದಾಗ ಏನು ಹಾಡುವುದೆಂದು ತೋಚದೆ ಒಬ್ಬರ ಮುಖವನ್ನೊಬ್ಬರು ನೋಡುವರು. ಆಗ ಮನೆಯ ಅಜ್ಜಿ ಪೆಟ್ಟಿಗೆಯೊಳಗಿಂದ ಹೊದಿಕೆ ಹರಿದ ಹಳೆಯ ಗೀತಪುಸ್ತಕವನ್ನು ತೆಗೆದುಕೊಡುವಳು. ರಾಗ ಸರಿಯಾಗಿ ಯಾರಿಗೂ ಬಾರದು. ‘ಬಲ’ವು ‘ಬಾಲ’ವಾಗುತ್ತಲೇ ಇರುತ್ತದೆ. ಯಾರೂ ನಗುವುದಿಲ್ಲ.